ಗುರುತಿಲ್ಲದ ಊರಿನಲ್ಲಿ ಸಲೂನ್ ಹಾಕುವ ಮೊದಲು

ನಾನು ಜತ್ತ ತಾಲೂಕಿನ ಉಮದಿ ಕಡೆಯವನು. ಮನೆಮಾತು ಕನ್ನಡ, ಆದರೆ ಆಧಾರ್, ರೇಷನ್ ಕಾರ್ಡ್ ಎಲ್ಲಾ ಮಹಾರಾಷ್ಟ್ರದ್ದು. ವಿಜಯಪುರಕ್ಕೆ ಬಂದಾಗ ಚೀಲದಲ್ಲಿ ಇದ್ದದ್ದು ಎರಡು ಕತ್ತರಿ, ಒಂದು ಟ್ರಿಮ್ಮರ್. ಈಗ ಮೂರು ಖುರ್ಚಿಯ ಅಂಗಡಿ ಇದೆ. ಬೇರೆ ಊರಿಗೆ ಹೋಗಿ ಸಲೂನ್ ಹಾಕುವ ಆಸೆ ಇರುವ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಬಂದ ಕೂಡಲೇ ಅಂಗಡಿ ಹಾಕಬೇಡಿ. ಮೊದಲು ಇನ್ನೊಬ್ಬರ ಅಂಗಡಿಯಲ್ಲಿ ಒಂದು ಖುರ್ಚಿ ಹಿಡಿಯಿರಿ. ದುಡಿದದ್ದರಲ್ಲಿ ಅರ್ಧ ನಿಮಗೆ, ಅರ್ಧ ಮಾಲೀಕರಿಗೆ. ಸ್ಟೇಷನ್ ರಸ್ತೆಯಲ್ಲಿ ನಾನು ಎರಡು ವರ್ಷ ಹೀಗೇ ನಿಂತೆ. ಊರಿನ ಜನ ಯಾವಾಗ ಬರುತ್ತಾರೆ, ಯಾವಾಗ ಬರುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಯಿತು. ಶ್ರಾವಣದಲ್ಲಿ ಬಹಳ ಜನ ಕಟಿಂಗ್, ದಾಡಿ ಮಾಡಿಸುವುದಿಲ್ಲ. ಅಮಾವಾಸ್ಯೆಗೂ ಖುರ್ಚಿ ಖಾಲಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಊಟಕ್ಕೂ ಪುರಸೊತ್ತಿಲ್ಲ. ಶ್ರಾವಣದ ಬಾಡಿಗೆ ಹಣವನ್ನು ಮದುವೆ ಸೀಜನ್‌ನಲ್ಲೇ ತೆಗೆದಿಡಿ. ರೇಟು ಎಷ್ಟು, ರಜೆ ಯಾವತ್ತು ಅಂತ ಊರಿನ ಕ್ಷೌರಿಕರ ಸಂಘದ ಹಿರಿಯರನ್ನು ಕೇಳಿಕೊಳ್ಳಿ. ಕಡಿಮೆ ರೇಟು ಹಾಕಿ ಗಿರಾಕಿ ಎಳೆಯಲು ಹೋದರೆ ಅಕ್ಕಪಕ್ಕದವರ ಜೊತೆ ಜಗಳ ಖಂಡಿತ.

ಅಂಗಡಿ ನೋಡಲು ಹೋದಾಗ ನೀರು ನೋಡಿ. ನಮ್ಮ ಕಡೆ ಬೋರ್ ನೀರು ಗಡಸು. ಬಾಟಲಿಯಲ್ಲಿ ಸ್ವಲ್ಪ ನೀರು ಹಿಡಿದು, ಸಾಬೂನಿನ ಚೂರು ಹಾಕಿ ಅಲುಗಾಡಿಸಿ. ನೊರೆ ಬರದೆ ಬಿಳಿ ಕೆನೆಯ ಹಾಗೆ ತೇಲಿದರೆ ಗಡಸು ಅಂತ ಲೆಕ್ಕ. ಅದರಲ್ಲಿ ತಲೆ ತೊಳೆದರೆ ಕೂದಲು ಒರಟಾಗುತ್ತದೆ. ನಾನು ನಳದ ನೀರು ಬಂದ ದಿನ ಎರಡು ಬ್ಯಾರೆಲ್ ತುಂಬಿಸಿಟ್ಟು, ತಲೆ ತೊಳೆಯಲು ಅದನ್ನೇ ಬಳಸುತ್ತೇನೆ.

ಕಾಗದಪತ್ರ ಜಾಸ್ತಿ ಇಲ್ಲ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ ಆಗಬೇಕು. ಸಣ್ಣ ಉದ್ಯೋಗದವರಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಅದಕ್ಕೆ ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಕೈಕಸುಬಿನವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಒಂದು. ತರಬೇತಿ ಇದೆ, ಸಾಮಾನಿಗೆ 15,000 ರೂಪಾಯಿವರೆಗೆ ಸಿಗುತ್ತದೆ, ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ವರ್ಷಕ್ಕೆ ನೂರಕ್ಕೆ 5. ಬೇರೆ ರಾಜ್ಯದಿಂದ ಬಂದವರು ಬಾಡಿಗೆ ಕರಾರು ಪತ್ರ ಮಾಡಿಸಿಕೊಂಡು ಮೊದಲು ಆಧಾರ್ ವಿಳಾಸ ಬದಲಿಸಿಕೊಳ್ಳಿ. ನಾನು ಅದನ್ನು ತಡ ಮಾಡಿ ಆರು ತಿಂಗಳು ಅಲೆದೆ.

ಇನ್ನು ಕೈಕೆಲಸ. ಗುರುತಿಲ್ಲದ ಊರಿನಲ್ಲಿ ಯಾರೋ ಒಬ್ಬರು ನಿಮ್ಮ ವಸ್ತಾರಾ (ದಾಡಿ ಮಾಡುವ ಕತ್ತಿ) ಕೆಳಗೆ ಕೊರಳು ಒಡ್ಡಿ ಕೂರುತ್ತಾರೆ. ಅದು ಸಣ್ಣ ಮಾತಲ್ಲ. ಹೊಸ ಬ್ಲೇಡಿನ ಕಾಗದವನ್ನು ಅವರ ಕಣ್ಣ ಮುಂದೆಯೇ ಬಿಚ್ಚಿ. ಹಳೇ ಬ್ಲೇಡಿನಿಂದ ಕಾಮಾಲೆ ತರುವ ಹೆಪಟೈಟಿಸ್ ಬಿ ಅಂಟಬಹುದು. ಸ್ಫಟಿಕದ ಒಂದೇ ಗಡ್ಡೆಯನ್ನು ಎಲ್ಲರ ಮುಖಕ್ಕೂ ತಿಕ್ಕುವ ರೂಢಿಯನ್ನೂ ಬಿಡಿ.

ಡೈ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪಾಗಿದೆ. ಅಂಗಡಿ ಹಾಕಿದ ಮೂರನೇ ತಿಂಗಳು ಒಬ್ಬ ಕಾಕಾ ಮದುವೆಗೆ ಹೊರಡುವ ಅವಸರದಲ್ಲಿ ಬಂದರು. ‘ತಮ್ಮಾ, ಮೀಸಿಗೂ ಹಚ್ಚಿಬಿಡು’ ಅಂದರು. ಹಚ್ಚಿದೆ. ಮರುದಿನ ಬೆಳಿಗ್ಗೆ ಅವರ ಮಗ ಬಂದು ನಿಂತ. ಮನೆಗೆ ಹೋಗಿ ನೋಡಿದರೆ ಮೇಲ್ತುಟಿ ದಪ್ಪಗಾಗಿತ್ತು, ರೆಪ್ಪೆ ಊದಿ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಕಪ್ಪು ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ. ಹಿಂದೆ ಹಚ್ಚಿಸಿಕೊಂಡು ಏನೂ ಆಗದವರಿಗೂ ಮುಂದೊಮ್ಮೆ ಆಗಬಹುದು. ಈಗ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ, 48 ಗಂಟೆ ಕಾಯಿಸುತ್ತೇನೆ. ಕಾಯದೆ ಎದ್ದು ಹೋಗುವವರೂ ಇದ್ದಾರೆ. ಹೋಗಲಿ. ಆ ಕಾಕಾ ಮಾತ್ರ ಇವತ್ತಿಗೂ ದಾಡಿಗೆ ನನ್ನ ಹತ್ತಿರವೇ ಬರುತ್ತಾರೆ.

ಕೆಲಸ ಬೆಳೆದ ಮೇಲೆ ಹುಡುಗರನ್ನು ಇಟ್ಟುಕೊಳ್ಳಲೇಬೇಕು, ಅಲ್ವಾ? ಅವರ ಕೈಗೆ ಮೊದಲ ದಿನವೇ ವಸ್ತಾರಾ ಕೊಡಬೇಡಿ. ಊದಿದ ಬಲೂನಿಗೆ ನೊರೆ ಹಚ್ಚಿ, ಅದನ್ನು ಬೋಳಿಸಲು ಹೇಳಿ. ಹತ್ತು ಬಲೂನು ಒಡೆಯದೆ ಬಂದ ಮೇಲೆ, ಮೊದಲು ನಿಮ್ಮ ಕೆನ್ನೆಯನ್ನೇ ಕೊಡಿ.