ಮ್ಯೂಟ್ ಮಾಡಿದ್ರೆ ದೆವ್ವ ಎಲ್ಲಿಗೆ ಹೋಗುತ್ತೆ? ಹಾರರ್ ಟೀಸರ್ ಬಿಚ್ಚಿ ನೋಡಿದ ನನ್ನ ಅನುಭವ

ನಾನು ಎಡಿಟರ್. ಹೊಟ್ಟೆಪಾಡಿಗೆ ಮದುವೆ ವಿಡಿಯೋ, ಸಣ್ಣಪುಟ್ಟ ಜಾಹೀರಾತು, ಮಧ್ಯೆ ಮಧ್ಯೆ ಫ್ರೆಂಡ್ಸ್ ಯಾರಾದ್ರೂ ಒಂದು ಹಾರರ್ ಶಾರ್ಟ್ ಫಿಲ್ಮ್ ಶೂಟ್ ಮಾಡ್ಕೊಂಡು ಬಂದು "ಗುರೂ ಒಂದು ಟೀಸರ್ ಕಟ್ ಮಾಡ್ಕೊಡು, ನೋಡಿದವ್ರು ಬೆಚ್ಚಿಬೀಳ್ಬೇಕು" ಅಂತಾರೆ. ಬೆಚ್ಚಿಬೀಳ್ಸೋದೇನು ದೊಡ್ಡ ವಿದ್ಯೆ ಅಲ್ಲ, ಸ್ವಲ್ಪ ಹೊತ್ತು ಸುಮ್ನಿದ್ದು ಒಮ್ಮೆ ಢಂ ಅನ್ಸಿದ್ರೆ ಯಾರಾದ್ರೂ ಬೆಚ್ತಾರೆ. ಆದ್ರೆ ಬೆಚ್ಚಿದವ್ನು ಅದನ್ನ ಇನ್ನೊಬ್ಬನಿಗೆ ಫಾರ್ವರ್ಡ್ ಮಾಡ್ತಾನಾ, ಸಿನಿಮಾ ಬಂದಾಗ ನೆನಪಿಟ್ಕೊಂಡಿರ್ತಾನಾ, ಅದು ಬೇರೆ ಮಾತು. ಅದಕ್ಕೇ ಹೆಸರು ಮಾಡಿದ ಟೀಸರ್‌ಗಳನ್ನ ಕೂತು ಬಿಚ್ಚೋ ಅಭ್ಯಾಸ ಮಾಡ್ಕೊಂಡೆ.

ಮೊದಲು ಪೂರ್ತಿ ಮ್ಯೂಟ್ ಮಾಡಿ ನೋಡ್ತೀನಿ. ಆಮೇಲೆ ಸ್ಕ್ರೀನ್ ಕಡೆ ನೋಡ್ದೆ ಬರೀ ಸೌಂಡ್ ಕೇಳ್ತೀನಿ. ಮೂರನೇ ಸಲ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ ಸೀನ್ ಕಟ್ ಡಿಟೆಕ್ಷನ್ ಓಡಿಸಿದ್ರೆ ಶಾಟ್‌ಗಳು ತಾವೇ ತುಂಡಾಗಿ ಬೀಳ್ತವೆ, ಯಾವ ಶಾಟ್ ಎಷ್ಟು ಉದ್ದ ಅಂತ ಕಣ್ಣಿಗೇ ಕಾಣುತ್ತೆ. ಅಷ್ಟೆಲ್ಲ ಬೇಡ ಅಂದ್ರೆ ವಿಎಲ್‌ಸಿ ಪ್ಲೇಯರಲ್ಲಿ 'ಇ' ಕೀ ಒತ್ತಿ ಒಂದೊಂದೇ ಫ್ರೇಮ್ ಹೋಗ್ಬಹುದು. ಸೌಂಡನ್ನ ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರ್‌ಗೆ ಹಾಕಿ ವೇವ್‌ಫಾರ್ಮ್, ಅಂದ್ರೆ ಸದ್ದಿನ ಏರಿಳಿತ ತೋರ್ಸೋ ಗೆರೆ, ನೋಡ್ತೀನಿ. ಇದನ್ನೆಲ್ಲ ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಮಾಡಿ ಬರ್ಕೋತೀನಿ: ಟೈಮ್, ಕಂಡಿದ್ದು, ಕೇಳಿದ್ದು, ಆ ಹೊತ್ತಲ್ಲಿ ನಾನು ಏನಾಗುತ್ತೆ ಅಂದ್ಕೊಂಡಿದ್ದೆ ಅನ್ನೋದು. ನಿಜವಾದ ಮಾಲು ಇರೋದು ಆ ನಾಲ್ಕನೇ ಕಾಲಮ್ಮಲ್ಲಿ, ಅದನ್ನ ಮೊದಲ ಸಲ ನೋಡುವಾಗ್ಲೇ ಬರ್ಕೋಬೇಕು, ಎರಡನೇ ಸಲಕ್ಕೆ ಅದು ಸಿಗಲ್ಲ.

ಮ್ಯೂಟ್ ಮಾಡಿದಾಗ ಈಗಿನ ಟೀಸರ್‌ಗಳಲ್ಲಿ ಬಹಳಷ್ಟು ಕಾಮಿಡಿ ಆಗೋಗ್ತವೆ, ಯಾರೋ ಬಾಗಿಲ ಕಡೆ ನಡೀತಾರೆ, ತಿರುಗ್ತಾರೆ, ಬಾಯಿ ತೆಗೀತಾರೆ. ಮ್ಯೂಟಲ್ಲೂ ಮೈ ಜುಂ ಅನ್ಸೋದು 1980ರ 'ದಿ ಶೈನಿಂಗ್' ಟೀಸರ್. ಒಂದೇ ಶಾಟ್ ಕಣ್ರೀ. ಹೋಟೆಲಿನ ಲಿಫ್ಟ್ ಬಾಗಿಲು, ಕ್ಯಾಮೆರಾ ಅಲ್ಲಾಡಲ್ಲ, ಹೆಸರುಗಳು ಕೆಳಗಿಂದ ಮೇಲಕ್ಕೆ ಹೋಗ್ತಾ ಇರ್ತವೆ, ಓದ್ತಾ ಓದ್ತಾ ನಾವು ಆ ಬಾಗಿಲನ್ನೇ ದಿಟ್ಟಿಸೋಕೆ ಶುರು ಮಾಡಿರ್ತೀವಿ. ಆಮೇಲೆ ರಕ್ತ ನುಗ್ಗುತ್ತೆ, ಫರ್ನಿಚರ್ ತೇಲುತ್ತೆ, ಲೆನ್ಸೇ ಕೆಂಪಲ್ಲಿ ಮುಳುಗುತ್ತೆ. ಡೈರೆಕ್ಟರ್ ಕುಬ್ರಿಕ್ ನಮ್ಮನ್ನ ಕಾಯಿಸ್ತಾ ಇದಾನೆ ಅಂತ ಗೊತ್ತಿದ್ದೂ ಕಾಯ್ತೀವಿ. ಕಟ್ಟೇ ಇಲ್ದೆ ಟೆನ್ಷನ್ ಕಟ್ಟೋಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ, ಆದ್ರೂ ಪ್ರೊಡ್ಯೂಸರ್‌ಗೆ ಹೋಗಿ "ಒಂದೇ ಶಾಟ್ ಸಾರ್" ಅಂದ್ರೆ ಪೇಮೆಂಟ್ ಕಟ್ ಆಗೋದು ಗ್ಯಾರಂಟಿ.

ನಾನು ಜಾಸ್ತಿ ಹೊತ್ತು ಕೂತಿದ್ದು 2013ರ 'ದಿ ಕಾಂಜುರಿಂಗ್' ಟೀಸರ್ ಜೊತೆ. ಚಪ್ಪಾಳೆ ತಟ್ಟಿ ಹುಡುಕೋ ಆಟ, ಕತ್ತಲೆ ಮೆಟ್ಟಿಲು, ಕೈಯಲ್ಲಿ ಬೆಂಕಿಕಡ್ಡಿ, ಕಿವಿ ಪಕ್ಕದಲ್ಲೇ ಎರಡು ಕೈ ಬಂದು ಚಪ್ಪಾಳೆ. ಮುಖ ಇಲ್ಲ ಏನಿಲ್ಲ. ವೇವ್‌ಫಾರ್ಮಲ್ಲಿ ಆ ಚಪ್ಪಾಳೆಗೆ ಮುಂಚೆ ಗೆರೆ ಹೆಚ್ಚುಕಮ್ಮಿ ಸಪಾಟಾಗಿದೆ. ಆದ್ರೆ ಬರೀ ನಿಶ್ಶಬ್ದದಿಂದ ಇಷ್ಟು ಹೆದ್ರಿಕೆ ಬರಲ್ಲ. ನನ್ನ ನಾಲ್ಕನೇ ಕಾಲಮ್ಮಲ್ಲಿ ಏನಿತ್ತು ಅಂದ್ರೆ "ಈಗ ಚಪ್ಪಾಳೆ ಬರುತ್ತೆ" ಅಂತಾನೇ ಇತ್ತು! ಗೊತ್ತಿತ್ತು, ಎಲ್ಲಿಂದ ಅಂತ ಗೊತ್ತಿರ್ಲಿಲ್ಲ ಅಷ್ಟೇ. ಅಂದ್ರೆ ಟೀಸರ್ ನಮಗೆ ಒಂದು ಆಟದ ರೂಲ್ ಹೇಳ್ಕೊಡುತ್ತೆ, ಆಮೇಲೆ ಅದೇ ರೂಲಲ್ಲಿ ನಮ್ಮನ್ನೇ ಆಟ ಆಡಿಸುತ್ತೆ.

ಇದು ತಲೇಲಿ ಕೂತ್ಮೇಲೆ ಎಲ್ಲ ಕಡೆ ಅದೇ ಕಾಣೋಕೆ ಶುರುವಾಯ್ತು. 2018ರ 'ಎ ಕ್ವಯಟ್ ಪ್ಲೇಸ್': ಸದ್ದು ಮಾಡಿದ್ರೆ ಸತ್ತೆ. ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ಮಾಡಿದ 'ಲೈಟ್ಸ್ ಔಟ್' ಶಾರ್ಟ್, ಮೂರು ನಿಮಿಷಾನೂ ಇಲ್ಲ: ಲೈಟ್ ಆರಿಸಿದ್ರೆ ನಿಂತಿರುತ್ತೆ, ಹಾಕಿದ್ರೆ ಇಲ್ಲ. ಅದು ವೈರಲ್ ಆಗಿ 2016ರಲ್ಲಿ ಪೂರ್ತಿ ಸಿನಿಮಾನೇ ಆಯ್ತು. ಕತೆ ಏನೂಂತ ಕೇಳಿದ್ರೆ ಒಂದೇ ವಾಕ್ಯದಲ್ಲಿ ಪಕ್ಕದವ್ನಿಗೆ ಹೇಳ್ಬಹುದು, ಫಾರ್ವರ್ಡ್ ಆಗೋದು ಅದಕ್ಕೇ. ನಮ್ಮೂರ 'ನಾಳೆ ಬಾ' ಏನು ಮತ್ತೆ? ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬಾಗಿಲ ಮೇಲೆ ಬರೆದಿರ್ತಿದ್ರಲ್ಲ, ದೆವ್ವ ಗೊತ್ತಿರೋರ ದನೀಲಿ ಕರೆಯುತ್ತೆ, ಬಾಗಿಲು ತೆಗೀಬೇಡ ಅಂತ. ಟೀಸರ್ ಇಲ್ಲ, ಪೋಸ್ಟರ್ ಇಲ್ಲ, ಬರೀ ರೂಲಲ್ಲೇ ಊರೆಲ್ಲ ಹಬ್ಬಿತು.

ಜನ ಥಿಯೇಟರ್‌ಗೆ ಬರೋ ವಿಷ್ಯಕ್ಕೆ ಬಂದ್ರೆ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ'ಯ 2009ರ ಟ್ರೇಲರ್ ನೋಡಿ. ಸಿನಿಮಾಕ್ಕೆ ಸುಮಾರು 15,000 ಡಾಲರ್ ಅಷ್ಟೇ ಖರ್ಚಾಗಿದ್ದು, ತೋರಿಸೋಕೆ ಗ್ರಾಫಿಕ್ಸ್ ಪಾಫಿಕ್ಸ್ ಏನಿಲ್ಲ. ಅದಕ್ಕೆ ನೈಟ್ ವಿಷನ್ ಕ್ಯಾಮೆರಾದಲ್ಲಿ ನೋಡ್ತಾ ಕೂತ ಪ್ರೇಕ್ಷಕರನ್ನೇ ತೋರಿಸಿದ್ರು, ಸೀಟಲ್ಲಿ ಕುಗ್ಗೋದು, ಕಿರ್ಚೋದು, ಜೊತೆಗೆ ನಿಮ್ಮೂರಿಗೂ ಬೇಕಾದ್ರೆ ಆನ್‌ಲೈನಲ್ಲಿ ಡಿಮ್ಯಾಂಡ್ ಮಾಡಿ ಅಂದ್ರು. ಹೆದರಿದ ಮುಖ ದೆವ್ವಕ್ಕಿಂತ ಚೀಪು, ಕೆಲಸ ಮಾತ್ರ ಜಾಸ್ತಿ ಮಾಡುತ್ತೆ.

ಇನ್ನು ನಾನು ಕಟ್ ಮಾಡಿದ ಟೀಸರ್. ಫ್ರೆಂಡ್ ಕತೆ ಬಾಡಿಗೆ ಮನೇದು, ರಾತ್ರಿ ಸಂಪಿನ ಮೋಟರ್ ಆಫ್ ಆದ ತಕ್ಷಣ ಮೇಲಿನ ಮನೇಲಿ ಯಾರೋ ಬಕೆಟ್ ಇಡೋ ಸದ್ದು, ಆದ್ರೆ ಮೇಲೆ ಮನೇನೇ ಇಲ್ಲ, ಬರೀ ಟೆರೇಸು. ರೂಲ್ ಅಲ್ಲೇ ಇತ್ತು! ಅವ್ನು ಗೆಜ್ಜೆ ಸದ್ದು, ಮಗು ಅಳೋದು, ಜೋಗುಳ ಎಲ್ಲ ಹಾಕು ಅಂತಿದ್ದ, ದಯವಿಟ್ಟು ಯಾರೂ ಇನ್ಮೇಲೆ ಗೆಜ್ಜೆ ಹಾಕ್ಬೇಡಿ, ಸವೆದುಹೋಗಿದೆ. ನಾನು ಮೋಟರ್ ಸದ್ದನ್ನೇ ಡ್ರೋನ್ ಥರ, ಅಂದ್ರೆ ಹಿನ್ನೆಲೇಲಿ ಒಂದೇ ಸಮ ಗುಂಯ್ ಅನ್ನೋ ಸದ್ದಿನ ಥರ, ಇಟ್ಟೆ. ಇದ್ರಲ್ಲಿ ಇನ್ನೊಂದು ಲಾಭ ಇದೆ, ರೆಡಿಮೇಡ್ ಡ್ರೋನ್‌ಗಳ ಜೀವ ಇರೋದು ಬಾಸಲ್ಲಿ, ಅಂದ್ರೆ ತಗ್ಗು ಸ್ವರದ ಸದ್ದಲ್ಲಿ, 40 ಹರ್ಟ್ಸ್ ಸದ್ದು ಫೋನ್ ಸ್ಪೀಕರಲ್ಲಿ ಬರೋದೇ ಇಲ್ಲ, ನಮ್ಮ ಟೀಸರ್ ನೋಡೋರೆಲ್ಲ ಫೋನಲ್ಲೇ ನೋಡೋದು. ಮೋಟರ್ ಗುಂಯ್‌ಗುಡೋದ್ರಲ್ಲಿ ಮಿಡ್ ರೇಂಜ್, ಅಂದ್ರೆ ಮಧ್ಯಮ ಸ್ವರ, ಚೆನ್ನಾಗಿರುತ್ತೆ, ಫೋನಲ್ಲೂ ಕೇಳ್ಸುತ್ತೆ, ಅದು ನಿಂತಾಗ ನಿಂತಿದ್ದೂ ಗೊತ್ತಾಗುತ್ತೆ. ಮೊದಲ ಐದು ಸೆಕೆಂಡಲ್ಲೇ ಒಂದ್ಸಲ ಮೋಟರ್ ನಿಲ್ಸಿ ಬಕೆಟ್ ಸದ್ದು ಕೇಳಿಸಿದೆ, ಯೂಟ್ಯೂಬಲ್ಲಿ ಜಾಹೀರಾತಾಗಿ ಓಡಿದ್ರೆ ಸ್ಕಿಪ್ ಬಟನ್ ಬರೋದ್ರೊಳಗೆ ರೂಲ್ ಮುಟ್ಟಿರ್ಬೇಕಲ್ಲ. ಎರಡನೇ ಸಲ ಮೋಟರ್ ನಿಂತಾಗ ಸದ್ದು ಬರಲ್ಲ. ಟೈಟಲ್ ಬರುತ್ತೆ, ಜನ ಮುಗೀತು ಅಂದ್ಕೋತಾರೆ, ಆಗ ಬಕೆಟ್ ಇಡೋ ಸದ್ದು, ಈ ಸಲ ಮೇಲಿಂದ ಅಲ್ಲ, ಹಿಂದಿನ ರೂಮಿಂದ.

ಸೌಂಡ್ ಮಿಕ್ಸಲ್ಲಿ ಎಲ್ಲಾನೂ ಕಂಪ್ರೆಸ್ ಮಾಡಿ, ಅಂದ್ರೆ ಜೋರು ಸದ್ದಿಗೂ ಮೆಲ್ಲಗಿನ ಸದ್ದಿಗೂ ಇರೋ ಅಂತರ ಕಮ್ಮಿ ಮಾಡಿ, ಜೋರು ಮಾಡೋಕೆ ಹೋಗ್ಬೇಡಿ. ಯೂಟ್ಯೂಬ್ ಹೆಂಗೂ ಸುಮಾರು ಮೈನಸ್ 14 ಲಫ್ಸ್‌ಗೆ (ಲಫ್ಸ್ ಅಂದ್ರೆ ಸದ್ದು ಎಷ್ಟು ಜೋರು ಅಂತ ಅಳೆಯೋ ಲೆಕ್ಕ) ಇಳಿಸುತ್ತೆ, ಆಗ ನಿಮ್ಮ ಢಂ ಅನ್ನೋದೂ ಸಣ್ಣಗಾಗುತ್ತೆ, ಮೌನಾನೂ ಮೌನವಾಗಿ ಉಳಿಯಲ್ಲ.

ದೆವ್ವದ ಮುಖ ಹಾಕಲೇಬೇಕು, ಮೇಕಪ್‌ಗೆ ದುಡ್ಡು ಸುರಿದಿದೀನಿ ಅಂತ ಫ್ರೆಂಡ್ ಬಿಲ್ಲೇ ತೋರಿಸಿದ. ಟ್ರೇಲರಲ್ಲಿ ಒಂದು ಸೆಕೆಂಡ್ ಕೊಡ್ತೀನಿ ಅಂತ ಒಪ್ಪಿಸಿದೀನಿ, ಅವ್ನು ಎರಡು ಕೇಳ್ತಾ ಇದಾನೆ.