ಗೋಡೆಯೊಳಗಿನ ಪೆನ್‌ಡ್ರೈವ್: ಡೆಡ್ ಡ್ರಾಪ್ ಕೂರಿಸುವುದು ಹೇಗೆ, ಅಪಾಯವಿಲ್ಲದೆ ಓದುವುದು ಹೇಗೆ

2010ರಲ್ಲಿ ಬರ್ಲಿನ್ನಿನ ಕಲಾವಿದ ಆರಮ್ ಬಾರ್ಥೋಲ್ ನ್ಯೂಯಾರ್ಕಿನ ಐದು ಕಡೆ ಗೋಡೆಗಳಲ್ಲಿ ಪೆನ್‌ಡ್ರೈವ್ ಹುದುಗಿಸಿ ಸಿಮೆಂಟ್ ಮೆತ್ತಿದರು. ಹೊರಗೆ ಕಾಣುತ್ತಿದ್ದದ್ದು ಪ್ಲಗ್ಗಿನ ಲೋಹದ ತುದಿ ಮಾತ್ರ. ದಾರಿಹೋಕರು ಲ್ಯಾಪ್‌ಟಾಪನ್ನು ಅದಕ್ಕೆ ಚುಚ್ಚಿ, ಒಳಗಿದ್ದದ್ದನ್ನು ತೆಗೆದುಕೊಳ್ಳಬಹುದಿತ್ತು, ತಮ್ಮದನ್ನೂ ಬಿಟ್ಟುಹೋಗಬಹುದಿತ್ತು. ಇಂಟರ್ನೆಟ್ ಬೇಡ, ಲಾಗಿನ್ ಬೇಡ, ಹೆಸರು ಹೇಳಬೇಕಾಗಿಯೂ ಇಲ್ಲ. ಗೂಢಚಾರರು ಮುಖಾಮುಖಿಯಾಗದೆ ವಸ್ತು ದಾಟಿಸಲು ಬಳಸುವ ಜಾಗಕ್ಕೆ ಡೆಡ್ ಡ್ರಾಪ್ ಎಂಬ ಹೆಸರಿದೆ. ಇದಕ್ಕೂ ಅದೇ ಹೆಸರಾಯಿತು. ಬಾರ್ಥೋಲ್ ಅದನ್ನು ಮಾಡುವ ವಿಧಾನವನ್ನೂ ಬಹಿರಂಗಪಡಿಸಿದ್ದರಿಂದ ಬೇರೆ ಬೇರೆ ದೇಶಗಳಲ್ಲಿ ಜನ ತಮ್ಮ ತಮ್ಮ ಊರಿನ ಗೋಡೆಗಳಲ್ಲಿ ಕೂರಿಸತೊಡಗಿದರು.

ಯಾರೂ ಕಾವಲಿಲ್ಲದಿರುವುದೇ ಈ ಕಲೆಯ ಜೀವ. ಒಳಗೆ ಯಾರು ಏನಿಟ್ಟಿದ್ದಾರೆಂದು ಕೂರಿಸಿದವರಿಗೂ ತಿಳಿಯದಿರುವುದಕ್ಕೆ ಕಾರಣವೂ ಅದೇ. ಹಾಗಾಗಿ ಕೂರಿಸುವುದಕ್ಕೆ ಎಷ್ಟು ಶ್ರದ್ಧೆ ಬೇಕೋ ಓದುವುದಕ್ಕೂ ಅಷ್ಟೇ ಬೇಕು.

ಕೂರಿಸುವುದು

ಮೊದಲು ಗೋಡೆಯ ಒಡೆಯರ ಒಪ್ಪಿಗೆ ಪಡೆಯಿರಿ. ಹಳೆಯ ಸ್ಮಾರಕಗಳ ಗೋಡೆ, ವಿದ್ಯುತ್ ತಂತಿ ಅಥವಾ ನೀರಿನ ಕೊಳವೆ ಹಾದಿರುವ ಗೋಡೆ ಬೇಡ. ಇಟ್ಟಿಗೆಗಳ ನಡುವೆ ಗಾರೆ ಉದುರಿಹೋದ ಸಂದು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಕೊರೆಯುವ ಕೆಲಸವೇ ತಪ್ಪುತ್ತದೆ. ನೆಲದಿಂದ 100–120 ಸೆಂ.ಮೀ. ಎತ್ತರ ಇರಲಿ. ನಿಂತುಕೊಂಡು ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ಇನ್ನೊಂದರಲ್ಲಿ ಕೀಲಿ ಒತ್ತಲು ಅದು ಹದವಾದ ಎತ್ತರ.

8 ಅಥವಾ 16 ಜಿಬಿಯ, ಹಳೆಯ ಮಾದರಿಯ ಚಪ್ಪಟೆ ಆಯತಾಕಾರದ ಪ್ಲಗ್ ಇರುವ ಹೊಸ ಪೆನ್‌ಡ್ರೈವ್ ಸಾಕು. ನೀವು ಬಳಸಿದ ಹಳೆಯದನ್ನು ಹಾಕಬೇಡಿ. ಸಾಮಾನ್ಯವಾಗಿ ಮಾಡುವ ಕ್ವಿಕ್ ಫಾರ್ಮ್ಯಾಟಿನಲ್ಲಿ ಕಡತಗಳ ಪಟ್ಟಿ ಮಾತ್ರ ಅಳಿಯುತ್ತದೆ, ಒಳಗಿನ ಫೋಟೊ, ದಾಖಲೆಗಳು ಹಾಗೇ ಉಳಿದಿರುತ್ತವೆ. ರಿಕವರಿ ತಂತ್ರಾಂಶ ಇರುವ ಯಾರು ಬೇಕಾದರೂ ಅವನ್ನು ಎತ್ತಿಕೊಳ್ಳುತ್ತಾರೆ. ಹೊಸ ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಎಂಬ ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಬಹುತೇಕ ಎಲ್ಲ ಯಂತ್ರಗಳಲ್ಲೂ ತೆರೆಯುತ್ತದೆ, ಆದರೆ 4 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಡತ ಅದರಲ್ಲಿ ಹಿಡಿಸುವುದಿಲ್ಲ. ಇದೇನು, ಯಾವ ದಿನ ಕೂರಿಸಿದ್ದು, ಓದುವವರು ವಹಿಸಬೇಕಾದ ಎಚ್ಚರವೇನು ಎಂಬುದನ್ನು ಸಾದಾ ಪಠ್ಯ ಕಡತದಲ್ಲಿ ಬರೆದಿಡಿ. ಬಾರ್ಥೋಲ್ ತಮ್ಮ ಡ್ರೈವ್‌ಗಳಲ್ಲಿ ಆರಂಭಕ್ಕೆ ಇಟ್ಟದ್ದು ಇಂಥ ಒಂದು ರೀಡ್‌ಮಿ ಕಡತವನ್ನು ಮಾತ್ರ.

ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಪ್ಲಗ್ ಬೆಸುಗೆಯಾಗಿರುವ ಸಣ್ಣ ಸರ್ಕ್ಯೂಟ್ ಪಟ್ಟಿ ಸಿಗುತ್ತದೆ. ಹೆಚ್ಚಿನ ಡೆಡ್ ಡ್ರಾಪ್‌ಗಳು ಸಾಯುವುದು ಇಲ್ಲೇ. ಪ್ಲಗ್ಗನ್ನು ಪಟ್ಟಿಗೆ ಹಿಡಿದಿರುವುದು ನಾಲ್ಕು ತೆಳು ಕಾಲುಗಳು ಮತ್ತು ಲೋಹದ ಹೊದಿಕೆಯ ಎರಡು ಕಿವಿಗಳು. ಲ್ಯಾಪ್‌ಟಾಪ್ ಮೇಲೆ ಕೆಳಗೆ ಅಲುಗಿದಾಗ ಅದರ ತೂಕವೆಲ್ಲ ಸನ್ನೆಗೋಲಿನ ಹಾಗೆ ಈ ಬೆಸುಗೆಗಳ ಮೇಲೆ ಬಿದ್ದು, ಒಂದು ಕಾಲು ಬಿಟ್ಟುಕೊಂಡರೂ ಡ್ರೈವ್ ಮುಗಿಯಿತು. ಆದ್ದರಿಂದ ಪಟ್ಟಿಯನ್ನೂ ಪ್ಲಗ್ಗಿನ ಹಿಂಬದಿಯ ಸಂದುಗಳನ್ನೂ ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟಿನಲ್ಲಿ ಪೂರ್ತಿ ಮುಳುಗಿಸಿ. ಒಣಗಿದ ಮೇಲೆ ಒಮ್ಮೆ ಕಂಪ್ಯೂಟರಿಗೆ ಹಾಕಿ ಕೆಲಸ ಮಾಡುತ್ತದೆಯೇ ನೋಡಿ, ಅನಂತರ ಕೊಳಾಯಿ ಕೆಲಸದ ಬಿಳಿ ಟೆಫ್ಲಾನ್ ಟೇಪನ್ನು ಎಂಟು ಹತ್ತು ಸುತ್ತು ಬಿಗಿಯಾಗಿ ಸುತ್ತಿ. ಟೇಪೊಂದೇ ಸಾಲದು: ಹಸಿ ಸಿಮೆಂಟ್ ತೀಕ್ಷ್ಣ ಕ್ಷಾರ, ತೇವ ಎಲ್ಲಿ ನುಸುಳಿತೋ ಅಲ್ಲಿ ಲೋಹ ತುಕ್ಕು ಹಿಡಿಯುತ್ತದೆ.

ಪಟ್ಟಿಯ ಅಗಲಕ್ಕಿಂತ 2–3 ಮಿ.ಮೀ. ದೊಡ್ಡ ಬಿಟ್‌ನಿಂದ 50–60 ಮಿ.ಮೀ. ಆಳ ಕೊರೆದು, ಪುಡಿಯನ್ನು ಊದಿ ತೆಗೆದು, ರಂಧ್ರವನ್ನು ನೀರಿನಿಂದ ಒದ್ದೆ ಮಾಡಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಗಾರೆ ಬಿರಿಯುತ್ತದೆ. ಬೇಗ ಗಟ್ಟಿಯಾಗುವ ಸಿಮೆಂಟನ್ನು ಒಂದೇ ಹಿಡಿಯಷ್ಟು, ಉಂಡೆ ಕಟ್ಟಿದರೆ ಕುಸಿಯದ ಹದಕ್ಕೆ ಕಲಸಿ. ಕೆಲವೇ ನಿಮಿಷದಲ್ಲಿ ಅದು ಬಿಗಿದುಕೊಳ್ಳುತ್ತದೆ. ಪ್ಲಗ್ಗಿನ ಲೋಹ ಸುಮಾರು 14 ಮಿ.ಮೀ. ಹೊರಗಿರಲಿ. ಸಾಕೆಟ್ಟಿನೊಳಗೆ ಹೋಗುವುದು ಸುಮಾರು 12 ಮಿ.ಮೀ.; ಇನ್ನೂ ಒಳಗೆ ತಳ್ಳಿದರೆ ಲ್ಯಾಪ್‌ಟಾಪಿನ ಅಂಚು ಗೋಡೆಗೆ ತಾಗಿ ಸಂಪರ್ಕವೇ ಆಗದು. ಅಗಲದ ಬದಿ ನೆಲಕ್ಕೆ ಸಮಾನಾಂತರವಾಗಿರಬೇಕು, ಒಳಗಿನ ಪ್ಲಾಸ್ಟಿಕ್ ನಾಲಿಗೆ ಕೆಳಗೆ, ಅದರ ಮೇಲಿನ ನಾಲ್ಕು ಹೊಳೆಯುವ ಪಟ್ಟಿಗಳು ಮೇಲ್ಮುಖ. ಇದನ್ನು ತಿರುವುಮುರುವು ಮಾಡಿದರೆ ಬಂದವರೆಲ್ಲ ಲ್ಯಾಪ್‌ಟಾಪನ್ನು ಬೋರಲು ಹಿಡಿಯಬೇಕಾಗುತ್ತದೆ. ಮಳೆನೀರು ಒಳಗೆ ನಿಲ್ಲದಂತೆ ತುದಿಯನ್ನು ತುಸು ಕೆಳಕ್ಕೆ ಬಾಗಿಸಿ. 24 ಗಂಟೆ ಯಾರೂ ಮುಟ್ಟದಿರಲಿ.

ಅಪಾಯ ಎಲ್ಲೆಲ್ಲಿದೆ

ಎಲ್ಲರಿಗೂ ಹೊಳೆಯುವುದು ವೈರಸ್. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನಾಗಿ ಓಡುವ ಆಟೊರನ್ ಸೌಲಭ್ಯವನ್ನು ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲಿ ಮುಚ್ಚಿತು, 2011ರಲ್ಲಿ ಹಳೆಯ ಆವೃತ್ತಿಗಳಿಗೂ ಅದೇ ತಿದ್ದುಪಡಿ ಕೊಟ್ಟಿತು. ಆದರೂ ಫೋಲ್ಡರುಗಳನ್ನು ಅಡಗಿಸಿ ಅವುಗಳ ಹೆಸರಿನಲ್ಲೇ ಶಾರ್ಟ್‌ಕಟ್ ಇಡುವ ವೈರಸ್‌ಗಳು ಇವೆ. ಫೋಲ್ಡರ್ ಎಂದುಕೊಂಡು ಕ್ಲಿಕ್ಕಿಸಿದವರು ಪ್ರೋಗ್ರಾಮನ್ನು ಓಡಿಸಿರುತ್ತಾರೆ. ಕ್ಲಿಕ್ಕಿಸದಿದ್ದರೆ ಸಾಕು ಎಂದೂ ಅಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್, ಶಾರ್ಟ್‌ಕಟ್ಟಿನ ಐಕಾನನ್ನು ವಿಂಡೋಸ್ ಪರದೆಯ ಮೇಲೆ ತೋರಿಸಿದ ಮಾತ್ರಕ್ಕೇ ಒಳನುಗ್ಗುತ್ತಿತ್ತು.

ಎರಡನೆಯದು ಹೆಚ್ಚು ಮೋಸದ್ದು. ಯುಎಸ್‌ಬಿ ಸಾಧನ ತಾನು ಏನೆಂದು ತಾನೇ ಹೇಳಿಕೊಳ್ಳುತ್ತದೆ, ಕಂಪ್ಯೂಟರ್ ನಂಬುತ್ತದೆ. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ತೋರಿಸಿದ ಬ್ಯಾಡ್‌ಯುಎಸ್‌ಬಿ ದಾಳಿಯಲ್ಲಿ ಪೆನ್‌ಡ್ರೈವಿನ ನಿಯಂತ್ರಕ ಚಿಪ್ಪಿನೊಳಗಿನ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ಬದಲಾಗಿ ಅದು ಕೀಬೋರ್ಡಿನಂತೆ ವರ್ತಿಸುತ್ತದೆ, ಕಣ್ಣೆವೆ ಇಕ್ಕುವಷ್ಟರಲ್ಲಿ ಆಜ್ಞೆಗಳನ್ನು ಟೈಪ್ ಮಾಡುತ್ತದೆ. ಕಡತಗಳನ್ನು ತಡಕುವ ಆಂಟಿವೈರಸ್‌ಗೆ ಇದು ಕಾಣುವುದಿಲ್ಲ, ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ.

ಮೂರನೆಯದಕ್ಕೆ ತಂತ್ರಾಂಶವೇ ಬೇಡ. ಯುಎಸ್‌ಬಿ ಕಿಲ್ಲರ್ ಎಂಬ ಸಾಧನ ನಿಮ್ಮ ಯಂತ್ರದ 5 ವೋಲ್ಟ್‌ನಿಂದಲೇ ತನ್ನ ಕೆಪಾಸಿಟರುಗಳನ್ನು ತುಂಬಿಕೊಂಡು ಸುಮಾರು 200 ವೋಲ್ಟ್ ಅನ್ನು ಡೇಟಾ ತಂತಿಗಳಿಗೆ ಮತ್ತೆ ಮತ್ತೆ ಹರಿಯಬಿಡುತ್ತದೆ. ಮದರ್‌ಬೋರ್ಡ್ ಸುಟ್ಟುಹೋಗಬಹುದು. ಗೋಡೆಯ ಹೊರಗಿನಿಂದ ನೋಡಿದರೆ ಇದಕ್ಕೂ ಸಾಚಾ ಡ್ರೈವ್‌ಗೂ ವ್ಯತ್ಯಾಸವೇ ಇಲ್ಲ.

ಜನ ಇಷ್ಟನ್ನೆಲ್ಲ ಯೋಚಿಸುವುದಿಲ್ಲ ಎನ್ನುವುದಕ್ಕೆ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೇ ಸಾಕ್ಷಿ. ಬೀಳಿಸಿದ್ದ 297 ಪೆನ್‌ಡ್ರೈವ್‌ಗಳಲ್ಲಿ ಶೇ. 45ರಷ್ಟನ್ನು ಎತ್ತಿಕೊಂಡವರು ಕಂಪ್ಯೂಟರಿಗೆ ಹಾಕಿ ಒಳಗಿನ ಕಡತವನ್ನೂ ತೆರೆದಿದ್ದರು.

ಓದುವ ಕ್ರಮ

ದಿನಬಳಕೆಯ ಲ್ಯಾಪ್‌ಟಾಪನ್ನಾಗಲಿ, ಒಟಿಜಿ ಕೇಬಲ್ (ಫೋನಿಗೆ ಪೆನ್‌ಡ್ರೈವ್ ಜೋಡಿಸುವ ತಂತಿ) ಸಿಕ್ಕಿಸಿದ ಸ್ವಂತ ಫೋನನ್ನಾಗಲಿ ಎಂದಿಗೂ ಜೋಡಿಸಬೇಡಿ. ಹಾಳಾದರೂ ದುಃಖವಾಗದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಇದಕ್ಕೇ ಮೀಸಲಿಡಿ. ಹಾರ್ಡ್ ಡಿಸ್ಕ್ ಮತ್ತು ವೈಫೈ ಕಾರ್ಡ್ ಎರಡನ್ನೂ ಬಿಚ್ಚಿಡಿ, ಲೈವ್ ಲಿನಕ್ಸ್, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್ ಇರುವ ಡಿವಿಡಿಯಿಂದ ಬೂಟ್ ಮಾಡಿ. ಯಂತ್ರ ಹೇಗೆ ಏಳಬೇಕೆಂದು ನಿರ್ಧರಿಸುವ ಬಯೋಸ್‌ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಬೂಟ್ ಬಂದ್ ಆಗಿರಲಿ, ಇಲ್ಲವಾದರೆ ರೀಸ್ಟಾರ್ಟ್ ಆದಾಗ ಯಂತ್ರ ಗೋಡೆಯ ಡ್ರೈವಿನಿಂದಲೇ ಎದ್ದೀತು. ಪವರ್ ಬ್ಯಾಂಕಿನಿಂದ ನಡೆಯುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ ಆದೀತು. ಕೆಲಸ ಮುಗಿದ ಮೇಲೆ ಎಸ್‌ಡಿ ಕಾರ್ಡನ್ನು ಮತ್ತೆ ಬರೆದುಕೊಳ್ಳಬೇಕು. ಯಾವುದೇ ಆಗಲಿ, ಅದರಲ್ಲಿ ನಿಮ್ಮ ಒಂದು ಪಾಸ್‌ವರ್ಡನ್ನೂ ಟೈಪಿಸಬೇಡಿ.

ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಒಯ್ಯಿರಿ. ಗೋಡೆಯ ಬೆಸುಗೆಗೂ ನಿಮ್ಮ ಸಾಕೆಟ್ಟಿಗೂ ಭಾರ ಬೀಳುವುದಿಲ್ಲ. ಹೊರಡುವ ಮುನ್ನ ಯುಎಸ್‌ಬಿಗಾರ್ಡ್ ಎಂಬ ತಂತ್ರಾಂಶವನ್ನು ಹೊಂದಿಸಿಕೊಳ್ಳಿ: ಹೊಸದಾಗಿ ಬಂದದ್ದು ಶೇಖರಣಾ ಸಾಧನ, ಅಂದರೆ ಯುಎಸ್‌ಬಿ ವರ್ಗ 08, ಆಗಿದ್ದರೆ ಮಾತ್ರ ಒಳಬಿಡಬೇಕು. ಕೀಬೋರ್ಡ್, ಮೌಸ್‌ಗಳ ವರ್ಗ 03. ಪೆನ್‌ಡ್ರೈವ್ ಚುಚ್ಚಿದಾಗ ಸಾಧನಗಳ ಪಟ್ಟಿಯಲ್ಲಿ ಅದರ ವರ್ಗ 03 ಎಂದು ಕಂಡರೆ ತಕ್ಷಣ ಕಿತ್ತು, ಗೋಡೆಯ ಒಡೆಯರಿಗೆ ತಿಳಿಸಿ.

ವಿದ್ಯುತ್ ಆಘಾತಕ್ಕೆ ಯುಎಸ್‌ಬಿ ಐಸೊಲೇಟರ್, ಅಂದರೆ ಎರಡು ಬದಿಗಳ ವಿದ್ಯುತ್ತನ್ನು ಬೇರ್ಪಡಿಸುವ ನಡುಸಾಧನ, ಒಂದು ಮಟ್ಟಿನ ರಕ್ಷಣೆ, ಪೂರ್ತಿ ಭರವಸೆಯಲ್ಲ. ಸಾಮಾನ್ಯವಾಗಿ ಸಿಗುವವು ಸೆಕೆಂಡಿಗೆ 12 ಮೆಗಾಬಿಟ್‌ಗೆ ಸೀಮಿತವಾದ್ದರಿಂದ 1 ಜಿಬಿ ಇಳಿಸಲು ಕಾಲು ಗಂಟೆಗೂ ಹೆಚ್ಚು ನಿಲ್ಲಬೇಕು. ಡೇಟಾ ತಂತಿ ಕತ್ತರಿಸಿದ, ಚಾರ್ಜಿಂಗ್‌ಗೆ ಮಾತ್ರವಾದ ಅಡಾಪ್ಟರುಗಳಿಂದ ಇಲ್ಲಿ ಉಪಯೋಗವಿಲ್ಲ: ಕಡತಗಳು ಬರಬೇಕಾದದ್ದೇ ಆ ತಂತಿಯಲ್ಲಿ.

ಕಡತಗಳನ್ನು ಆ ಯಂತ್ರದಲ್ಲೇ ನೋಡಿ. ಪ್ರೋಗ್ರಾಮುಗಳನ್ನು, ಮ್ಯಾಕ್ರೊ (ಒಳಗೇ ಹುದುಗಿದ ಪುಟ್ಟ ಪ್ರೋಗ್ರಾಂ) ಇರುವ ಆಫೀಸ್ ಕಡತಗಳನ್ನು ಬಿಟ್ಟುಬಿಡಿ. ಒಂದು ಪಿಡಿಎಫ್ ಮನೆಗೆ ಬೇಕೇಬೇಕೆಂದರೆ ಡೇಂಜರ್‌ಝೋನ್‌ನಂಥ ಸಾಧನದಿಂದ ಅದನ್ನು ಚಿತ್ರಗಳಾಗಿ ಬದಲಿಸಿ, ಮತ್ತೆ ಪಿಡಿಎಫ್ ಮಾಡಿಕೊಂಡು ಒಯ್ಯಿರಿ. ಇಡೀ ಡ್ರೈವನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಇಟ್ಟುಕೊಳ್ಳುವುದೇ ಅಪರಾಧವಾಗುವ ಚಿತ್ರಗಳು ಅದರಲ್ಲಿರಬಹುದು.

ಬಿಡುವಾಗ

ಫೋಟೊಗಳಲ್ಲಿ ಕ್ಯಾಮೆರಾದ ಮಾದರಿ, ತೆಗೆದ ಸಮಯ, ಕೆಲವೊಮ್ಮೆ ನಿಂತ ಜಾಗದ ಅಕ್ಷಾಂಶ ರೇಖಾಂಶ ಕೂಡ ಅಡಗಿರುತ್ತವೆ. ಆಫೀಸ್ ದಾಖಲೆಗಳಲ್ಲಿ ಬರೆದವರ ಹೆಸರಿರುತ್ತದೆ. ಇವನ್ನು ಅಳಿಸಿದ ಮೇಲೆ ನಕಲಿಸಿ. ಮ್ಯಾಕ್, ವಿಂಡೋಸ್‌ಗಳು ನಿಮ್ಮನ್ನು ಕೇಳದೆ ಅಡಗಿದ ಫೋಲ್ಡರುಗಳನ್ನು ಬಿಟ್ಟುಹೋಗುತ್ತವೆ, ಇದಕ್ಕೂ ಲೈವ್ ಲಿನಕ್ಸೇ ಲೇಸು. ತಪ್ಪಿ ಹಾಕಿದ್ದನ್ನು ಅಳಿಸಿದರೂ ಮುಂದೆ ಬರುವವರು ಅದನ್ನು ಹೊರತೆಗೆಯಬಲ್ಲರು.

ಕೂರಿಸಿದವರು ತಿಂಗಳಿಗೊಮ್ಮೆಯಾದರೂ ಹೋಗಿ ಓದಲೆಂದೇ ಮೀಸಲಿಟ್ಟ ಅಂಥ ಯಂತ್ರದಿಂದಲೇ ಪರೀಕ್ಷಿಸಬೇಕು. ಸುತ್ತ ಹೊಸ ಗಾರೆ ಅಥವಾ ಅಂಟು ಕಂಡರೆ, ಪ್ಲಗ್ಗಿನ ಬಣ್ಣ, ಗೀರುಗಳು ಮೊದಲ ದಿನದ ಫೋಟೊಗೆ ಹೊಂದದಿದ್ದರೆ ಯಾರೋ ಬೇರೆ ಸಾಧನ ಕೂರಿಸಿರಬಹುದು. ಅದನ್ನು ಕಿತ್ತು ಮುಚ್ಚಿ, ಪರೀಕ್ಷಿಸಲೆಂದೂ ಚುಚ್ಚಬೇಡಿ.

ಪ್ಲಗ್ಗೇ ಬೇಡವೆನ್ನುವವರಿಗೆ ಡೇವಿಡ್ ಡಾರ್ಟ್ಸ್ 2011ರಲ್ಲಿ ರೂಪಿಸಿದ ಪೈರೇಟ್‌ಬಾಕ್ಸ್‌ನ ದಾರಿಯಿದೆ: ಇಂಟರ್ನೆಟ್ಟಿಗೆ ಸೇರದ ಪುಟ್ಟ ವೈಫೈ ಪೆಟ್ಟಿಗೆ, ಹತ್ತಿರ ನಿಂತವರು ಬ್ರೌಸರಿನಲ್ಲೇ ಕಡತ ಹಾಕುತ್ತಾರೆ, ತೆಗೆಯುತ್ತಾರೆ. ಆ ಯೋಜನೆ ನಿಂತಿದೆ, ಆದರೆ ರಾಸ್ಪ್‌ಬೆರಿ ಪೈಯಲ್ಲಿ ಅಂಥದನ್ನು ಕಟ್ಟಿಕೊಳ್ಳಬಹುದು. ಹೈವೋಲ್ಟೇಜ್, ನಕಲಿ ಕೀಬೋರ್ಡುಗಳ ಭಯ ಇಲ್ಲಿಲ್ಲ. ಕಡತಗಳ ವೈರಸ್ ಭಯ ಹಾಗೇ ಇದೆ, ಜೊತೆಗೆ ತೆರೆದ ವೈಫೈ ಆದ್ದರಿಂದ ಪಕ್ಕದಲ್ಲಿ ನಿಂತವರು ನೀವು ಇಳಿಸಿಕೊಳ್ಳುವುದನ್ನು ನೋಡಬಲ್ಲರು. ಬಾರ್ಥೋಲ್ ಅವರೇ 2012ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯವೊಂದರ ಹೊರಗೋಡೆಯಲ್ಲಿ ಡಿವಿಡಿ ಬರ್ನರ್ ಕೂರಿಸಿದ್ದರು: ಖಾಲಿ ಡಿಸ್ಕ್ ತೂರಿಸಿದರೆ ಕಲಾಕೃತಿಗಳು ಬರೆದುಕೊಂಡು ಹೊರಬರುತ್ತಿದ್ದವು. ಬಂದವರು ತಮ್ಮದೇನನ್ನೂ ಅದರಲ್ಲಿ ಬಿಡುವಂತಿರಲಿಲ್ಲ, ಗೋಡೆಗೆ ತಮ್ಮ ಯಂತ್ರವನ್ನು ಜೋಡಿಸಬೇಕಾಗಿಯೂ ಇರಲಿಲ್ಲ.