ಜೀನು ಹೊತ್ತಾಗ ಬಾಲ ಬೀಸುತ್ತಿದ್ದ ಕುದುರೆ: ನನ್ನ ಅನುಭವ

ಕುಣಿಗಲ್ ಬಳಿ ನಾವು ಸಾಕಿರುವ ಹೆಣ್ಣು ಕುದುರೆಯು ಸವಾರಿಯಲ್ಲಿ ಕುಕ್ಕುಲೋಟಕ್ಕೆ ತಿರುಗಿದೊಡನೆ ಕಿವಿಗಳನ್ನು ಹಿಂದಕ್ಕೆ ಮಡಚಿ, ಬಾಲವನ್ನು ರಪರಪನೆ ಬೀಸತೊಡಗಿತ್ತು. ಜೀನಿಲ್ಲದೆ ಉದ್ದ ಹಗ್ಗದಲ್ಲಿ ಸುತ್ತು ಓಡಿಸಿದಾಗ ಬಾಲ ಸಡಿಲವಾಗಿಯೇ ಇದ್ದುದರಿಂದ, ನೊಣಗಳ ಕಾಟವೆಂಬ ಸಂಶಯ ಅಲ್ಲಿಗೇ ಮುಗಿಯಿತು.

ಬೆದೆ, ಹಲ್ಲಿನ ಚೂಪು ಅಂಚು, ಹೊಟ್ಟೆಯ ಹುಣ್ಣು, ಸವಾರನ ಹಿಮ್ಮಡಿಯ ಒತ್ತಡ, ಇವೆಲ್ಲವೂ ಕಾರಣವಾಗಬಲ್ಲವು. ಪಶುವೈದ್ಯರು ಬಾಯಿ, ಕಾಲುಗಳನ್ನು ಪರೀಕ್ಷಿಸಿದ ಮೇಲೆ ಹೆಗಲಿನ ಹಿಂದೆ ಬೆರಳೊತ್ತಿದಾಗ ಚರ್ಮ ಅದುರಿ ಬೆನ್ನು ಕುಗ್ಗಿತು. ಸವಾರಿಯ ವೇಳೆಯ ನೋವನ್ನು ಗುರುತಿಸಲು ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ರೂಪಿಸಿದ 24 ವರ್ತನೆಗಳ ಪಟ್ಟಿಯಲ್ಲಿ ಪದೇ ಪದೇ ಬಾಲ ಬೀಸುವುದೂ ಒಂದು. 8 ಅಥವಾ ಹೆಚ್ಚು ವರ್ತನೆಗಳು ಕಂಡರೆ ನೋವಿರುವ ಸಾಧ್ಯತೆ ಬಲವಾಗುತ್ತದೆ. ಬಾಲವೊಂದನ್ನೇ ನೋಡಿ ತೀರ್ಮಾನಿಸಲಾಗದು. ಅದನ್ನು ಚಾವಟಿಯಿಂದ ಅಡಗಿಸುವುದಂತೂ ಕ್ರೌರ್ಯವೇ ಸರಿ.

ಸುಳಿವು ಕೊಟ್ಟದ್ದು ಬೆವರು. ಜೀನು ಇಳಿಸಿದಾಗ ಬೆನ್ನೆಲ್ಲ ಒದ್ದೆಯಾಗಿದ್ದರೂ ಹೆಗಲಿನ ಎರಡೂ ಬದಿ ಅಂಗೈಯಗಲದ ಜಾಗ ಒಣಗಿಯೇ ಇತ್ತು. ಅತಿಯಾದ ಒತ್ತಡ ಬೀಳುವ ಕಡೆ ಬೆವರು ಹೊಮ್ಮದಿರುವುದುಂಟು. ಜೀನಿನ ಮೆತ್ತೆಯೊಳಗಿನ ಉಣ್ಣೆ ಅದೇ ಭಾಗದಲ್ಲಿ ಗಂಟುಗಟ್ಟಿತ್ತು. ಕೆಳಗೆ ದಪ್ಪ ಕಂಬಳಿ ಹಾಸಿದರೆ ಬಿಗಿತ ಹೆಚ್ಚುವ ಅಪಾಯವಿದ್ದುದರಿಂದ, ಜೀನು ತಯಾರಿಸುವವರಿಂದ ಮೆತ್ತೆ ಬಿಚ್ಚಿಸಿ ಹೊಸ ಉಣ್ಣೆಯನ್ನು ಸಮವಾಗಿ ತುಂಬಿಸಿದೆ. ನೋವು ಮಾಯುವವರೆಗೆ ಸವಾರಿ ನಿಲ್ಲಿಸಿ, ಕೈಯಲ್ಲಿ ಹಿಡಿದೇ ನಡೆಸಿದೆವು.

ಈಗ ಕುಕ್ಕುಲೋಟದಲ್ಲೂ ಬಾಲ ಹೆಜ್ಜೆಯ ಲಯಕ್ಕೆ ಸಡಿಲವಾಗಿ ತೂಗುತ್ತದೆ. ಮೈಕಟ್ಟು ಬದಲಾದಂತೆ ಜೀನು ಮತ್ತೆ ಒತ್ತಬಹುದಾದ್ದರಿಂದ, ಪ್ರತಿ ಸವಾರಿಯ ನಂತರವೂ ಬೆವರಿನ ಗುರುತನ್ನು ನೋಡುತ್ತೇನೆ.